ಜೀರಿಗೆ ಬೆಲ್ಲ ತಿಂದ ಕತೆ

ಅಕ್ಕನ ಮಗಳ ಮದುವೆ ದಿನ ಬೆಳಿಗ್ಗೆ ಆರೂವರೆಗೆ ಛತ್ರದ ರೂಮಿನಲ್ಲಿ ಶುಗರ್ ಮಾತ್ರೆ ನುಂಗಿದೆ. ಹಲ್ಲುಜ್ಜಿದ ಮೇಲೆ ಮಾತ್ರೆ, ಆಮೇಲೆ ತಿಂಡಿ. ಎಂಟು ವರ್ಷದಿಂದ ಇದೇ ರೂಢಿ. ಅವತ್ತು ತಿಂಡಿ ಇಲ್ಲ ಅನ್ನೋದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ತಿಂಡಿ ಯಾಕಿಲ್ಲ ಅಂದರೆ, ಹುಡುಗಿಯನ್ನು ಧಾರೆ ಎರೆದು ಕೊಡೋಕೆ ಕೂರಬೇಕಾದವರು ನಾನು ಮತ್ತು ನಮ್ಮ ಮನೆಯವರು. ಭಾವ ತೀರಿಕೊಂಡು ಆರು ವರ್ಷ. ಹೆತ್ತ ತಾಯಿ ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು ನೋಡಬೇಕು, ಚಿಕ್ಕಮ್ಮ ಮಂಟಪದಲ್ಲಿ ಕೂರಬೇಕು. ಈ ಕಟ್ಟಳೆ ಮೇಲೆ ನನಗಿರುವ ಸಿಟ್ಟು ಬೇರೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ. ಧಾರೆ ಎರೆಯುವವರು ಅದು ಮುಗಿಯುವ ತನಕ ಏನೂ ತಿನ್ನುವಂತಿಲ್ಲ. ಮುಹೂರ್ತ ಅಭಿಜಿನ್ ಲಗ್ನ, 12.05ರಿಂದ 12.40. ಹಿಂದಿನ ರಾತ್ರಿ ಆರತಕ್ಷತೆ ಗದ್ದಲದಲ್ಲಿ ನಾನು ತಿಂದಿದ್ದು ಅರ್ಧ ಚಪಾತಿ, ಎರಡು ತುತ್ತು ಮೊಸರನ್ನ.

ಏಳು ಗಂಟೆಗೆ ಅಕ್ಕ ಒಂದು ಲೋಟ ಹಾಲು ಹಿಡಿದು ಬಂದಳು.

"ಇದನ್ನಾದ್ರೂ ಕುಡಿಯೇ. ನಿಂಗೆ ಶುಗರ್ ಬೇರೆ ಇದೆ."

"ಭಾವನ ಜಾಗದಲ್ಲಿ ಕೂರ್ತಿದೀವಿ ಅಕ್ಕ. ನೇಮ ತಪ್ಪೋದು ಬೇಡ" ಅಂದೆ. ಅವಳು ಏನೂ ಹೇಳಲಿಲ್ಲ. ಲೋಟ ಕಿಟಕಿ ಹತ್ತಿರ ಇಟ್ಟು ಹೋದಳು. ಸಂಜೆ ನೋಡಿದಾಗ ಅಲ್ಲೇ ಇತ್ತು, ಕೆನೆ ಕಟ್ಟಿಕೊಂಡು.

ನನಗೆ ಶುಗರ್ ಬಂದಿದ್ದು 2017ರಲ್ಲಿ, 45ನೇ ವಯಸ್ಸಿಗೆ. ಹಿಮ್ಮಡಿ ಒಡೆದ ಗಾಯ ತಿಂಗಳಾದರೂ ಮಾಯಲಿಲ್ಲ ಅಂತ ತೋರಿಸೋಕೆ ಹೋದರೆ ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ಖಾಲಿ ಹೊಟ್ಟೆಯಲ್ಲಿ 188. 126 ದಾಟಿದರೇ ಕಾಯಿಲೆ ಅಂತ ಲೆಕ್ಕವಂತೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.9. ಈ ಎರಡನೇದನ್ನು ನಾನು ಜಾತಕ ಅಂತ ಕರೆಯೋದು. ಹಿಂದಿನ ದಿನ ಉಪವಾಸ ಬಿದ್ದು ಡಾಕ್ಟರಿಗೆ ಮಂಕುಬೂದಿ ಎರಚಲು ಆಗಲ್ಲ. ಮೂರು ತಿಂಗಳಲ್ಲಿ ಎಲ್ಲೆಲ್ಲಿ ಬಾಯಿ ಹಾಕಿದ್ದೀವಿ ಎಲ್ಲ ಅದರಲ್ಲಿ ಬಂದುಬಿಡುತ್ತೆ.

ಅವತ್ತಿನಿಂದ ಇಡೀ ನೆಂಟರ ಬಳಗವೇ ನನ್ನ ಎಲೆ ಕಾಯೋಕೆ ನಿಂತಿತು. ಯಾವ ಮನೆಗೆ ಹೋದರೂ "ಅವಳಿಗೆ ಬೇಡ, ಶುಗರ್ ಇದೆ" ಅಂತ ನನಗಿಂತ ಮೊದಲು ಇನ್ಯಾರೋ ಹೇಳಿರುತ್ತಾರೆ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಅಮೃತಬಳ್ಳಿ ಎಲ್ಲ ಆಯಿತು. "ಮುದ್ದೆ ತಿನ್ನು, ಏನೂ ಆಗಲ್ಲ" ಅಂದರು. ಎರಡು ಮುದ್ದೆ ಉಂಡು ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದೆ, 231. ರಾಗಿ ಒಳ್ಳೇದೇ. ಆದರೆ ಅದೂ ಹಿಟ್ಟೇ ಅಲ್ವಾ. ಈಗ ಒಂದೇ ಮುದ್ದೆ, ಅದೂ ಚಿಕ್ಕದು, ಜೊತೆಗೆ ಜಾಸ್ತಿ ಸೊಪ್ಪಿನ ಸಾರು.

ಇಷ್ಟೆಲ್ಲ ಕಾವಲು ಇದ್ದಿದ್ದು ಶುಗರ್ ಏರದ ಹಾಗೆ. ಇಳಿಯೋದರ ಕಡೆ ಯಾರಿಗೂ ಗಮನ ಇರಲಿಲ್ಲ. ನನಗೂ.

ಹನ್ನೊಂದು ಗಂಟೆಗೆ ಮಂಟಪದಲ್ಲಿ ಕೂತೆವು. ಹನ್ನೊಂದೂವರೆ ಹೊತ್ತಿಗೆ ನನಗೆ ಎಲ್ಲರ ಮೇಲೂ ಸಿಟ್ಟು ಬರೋಕೆ ಶುರುವಾಯಿತು. ವಿಡಿಯೋದವನ ಲೈಟಿನ ಮೇಲೆ, ವಾಲಗದ ಮೇಲೆ, ಪಕ್ಕದಲ್ಲಿ ಸುಮ್ನೆ ಕೂತಿದ್ದ ನಮ್ಮ ಮನೆಯವರ ಮೇಲೆ. ಒಬ್ಬಳು ನಾದಿನಿ ಸೆರಗು ಸರಿ ಮಾಡೋಕೆ ಬಂದರೆ "ಮುಟ್ಟಬೇಡ" ಅಂದುಬಿಟ್ಟೆ. ಈ ಸಿಡಿಮಿಡಿಯೇ ಮೊದಲ ಗುರುತು ಅಂತ ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದರೆ ಆ ಹುಡುಗಿ ಎರಡು ತಿಂಗಳು ನನ್ನ ಜೊತೆ ಮಾತು ಬಿಡುತ್ತಿರಲಿಲ್ಲ.

ಆಮೇಲೆ ಬೆವರು. ತಿಪಟೂರಿನ ಮೇ ತಿಂಗಳ ಸೆಖೆಗೆ ಎಲ್ಲರೂ ಬೆವರುತ್ತಿದ್ದರು. ಆದರೆ ನನ್ನದು ತಣ್ಣಗಿತ್ತು. ಕತ್ತಿನ ಹಿಂದೆ ಶುರುವಾಗಿ ರೇಷ್ಮೆ ರವಿಕೆಯ ಬೆನ್ನು ಪೂರ್ತಿ ಒದ್ದೆ. ತುಟಿ ಜುಮುಜುಮು. ಎದೆ ಡವಡವ. ಎದುರಿಗೆ ಹೂವಿನಲ್ಲಿ ಬರೆದಿದ್ದ ಗಂಡು ಹೆಣ್ಣಿನ ಹೆಸರು ಒಂದರ ಮೇಲೊಂದು ಹತ್ತಿಕೊಂಡವು.

ಅಂತರಪಟ ಸರಿಯಿತು. ಗಟ್ಟಿಮೇಳ. ಹುಡುಗ ಹುಡುಗಿ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕಿದರು. ಜನ ನಗುತ್ತಿದ್ದರು. ಆ ನಗು ನನಗೆ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ನನ್ನ ಕೈಗೆ ಯಾರೋ ಬೆಳ್ಳಿ ಗಿಂಡಿ ಕೊಟ್ಟರು. ಹುಡುಗನ ಬೊಗಸೆ ಮೇಲೆ ಹುಡುಗಿಯ ಬೊಗಸೆ, ಅದರಲ್ಲಿ ತೆಂಗಿನಕಾಯಿ, ಅದರ ಮೇಲೆ ನಾನು ಹಾಲು ಬಿಡಬೇಕು. ಗಿಂಡಿ ಕೈಯಲ್ಲಿದೆ. ಯಾಕಿದೆ ಅಂತ ಮರೆತುಹೋಯಿತು. ಕೈ ಗಡಗಡ ನಡುಗಿ ಗಿಂಡಿ ಬಳೆಗೆ ತಾಗಿ ಟಿಣಿಟಿಣಿ ಅನ್ನುತ್ತಿತ್ತು.

"ಪಾಪ, ಹೆಣ್ಣು ಕೊಡೋ ಸಂಕಟ" ಅಂತ ಹಿಂದಿನಿಂದ ಯಾರೋ ಅಂದರು. ಇನ್ಯಾರೋ ಸೆರಗಿನಿಂದ ನನ್ನ ಕಣ್ಣು ಒರೆಸಿದರು. ನಾನು ಅಳುತ್ತಿರಲಿಲ್ಲ. ಹಣೆಯ ಬೆವರು ಕಣ್ಣಿಗೆ ಇಳಿದಿತ್ತು. ಬಾಯಿ ಬಿಟ್ಟು ಹೇಳೋಣ ಅಂದರೆ ಮಾತು ಸಿಗುತ್ತಿಲ್ಲ. ನಿಜ ಹೇಳಬೇಕು ಅಂದರೆ, ಹೇಳೋಕೆ ಸಂಕೋಚವೂ ಇತ್ತು. ಲಗ್ನ ನಡೆಯುವಾಗ ಹಸಿವು ಅಂತ ಹೇಗೆ ಹೇಳೋದು?

ಕಂಡುಹಿಡಿದವರು ಪುರೋಹಿತರು. ಮಂತ್ರ ಹೇಳುತ್ತಲೇ ನನ್ನ ಕೈ ನೋಡಿದರು, ಮುಖ ನೋಡಿದರು. ಒಂದು ಸಾಲು ಮುಗಿದ ಸಂದಿನಲ್ಲಿ ಬಗ್ಗಿ ಕೇಳಿದರು.

"ಶುಗರ್ ಡೌನ್ ಆಯ್ತೇನಮ್ಮಾ?"

ತಲೆ ಆಡಿಸಿದೆ.

"ಬೆಲ್ಲ ಬಾಯಿಗೆ ಹಾಕ್ಕೊಳ್ಳಿ. ನಾನು ಇನ್ನೆರಡು ಮಂತ್ರ ಜಾಸ್ತಿ ಹೇಳ್ತೀನಿ. ಟೈಮಿದೆ."

ಜೀರಿಗೆ ಬೆಲ್ಲದ ತಟ್ಟೆ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ವೀಳ್ಯದೆಲೆ ಮೇಲೆ ಉಳಿದಿದ್ದನ್ನು ಬಾಚಿ ಬಾಯಿಗೆ ಹಾಕಿಕೊಂಡೆ. ಜೀರಿಗೆ, ಅಕ್ಕಿಕಾಳು, ಒಂದು ಹೂವಿನ ಎಸಳು, ಎಲ್ಲ ಸೇರಿಸಿ. ನಮ್ಮ ಮನೆಯವರು ಗಾಬರಿಯಿಂದ ನೋಡಿದರು. ಕೆಳಗೆ ಮೊದಲ ಸಾಲಿನಲ್ಲಿದ್ದ ಸೋದರತ್ತೆ ಎದ್ದೇ ನಿಂತರು. "ಏ, ಏ, ಅವಳಿಗೆ ಶುಗರ್ ಇದೆ ಕಣ್ರೋ, ಬೆಲ್ಲ ತಿಂತಿದಾಳೆ!"

ಮಂಟಪದಲ್ಲಿ ನನಗೆ ಇಲ್ಲದೇ ಇದ್ದಿದ್ದು ಅದೊಂದೇ, ಶುಗರ್.

ಪುರೋಹಿತರು ಹೇಳಿದ ಹಾಗೇ ರಾಗ ಎಳೆದರು. ಏನು ಮಂತ್ರವೋ, ಎಷ್ಟು ಹೊತ್ತೋ. ಬೆಲ್ಲ ಕರಗುತ್ತಾ ಹೋಯಿತು. ಮೊದಲು ವಾಲಗ ಹತ್ತಿರ ಬಂತು, ಆಮೇಲೆ ಗಿಂಡಿಯ ಸದ್ದು ನಿಂತಿತು. ಕೈ ಪೂರ್ತಿ ನಿಂತಿರಲಿಲ್ಲ, ಆದರೆ ಯಾಕೆ ಕೂತಿದ್ದೀನಿ ಅಂತ ನೆನಪಾಯಿತು. ಹಾಲು ಬಿಟ್ಟೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಮಾಂಗಲ್ಯ ಆದ ಮೇಲೆ ನಮ್ಮ ಮನೆಯವರು ರೂಮಿಗೆ ಓಡಿ ಮೀಟರ್ ತಂದರು. ಬೆಲ್ಲ ತಿಂದು ಇಪ್ಪತ್ತು ನಿಮಿಷದ ಮೇಲೂ 71. 70ಕ್ಕಿಂತ ಕೆಳಗೆ ಹೋದರೆ ಕಡಿಮೆ ಅಂತ ಲೆಕ್ಕ. ಗಿಂಡಿ ಹಿಡಿದಾಗ ಎಷ್ಟಿತ್ತೋ, ಯೋಚನೆ ಮಾಡೋಕೂ ಇಷ್ಟ ಇಲ್ಲ. ಪುರೋಹಿತರು ದರ್ಭೆ ಚೀಲಕ್ಕೆ ಕೈ ಹಾಕಿ ಗ್ಲೂಕೋಸ್ ಪುಡಿಯ ಸಣ್ಣ ಡಬ್ಬಿ ತೆಗೆದರು. "ನನಗೆ ಹದಿನಾಲ್ಕು ವರ್ಷ ಆಯ್ತಮ್ಮ. ನಮಗೆ ಬೆಳಿಗ್ಗೆ ಒಂದು ಲಗ್ನ, ಮಧ್ಯಾಹ್ನ ಒಂದು. ಇದಿಲ್ಲದೆ ಹೊರಡಲ್ಲ."

ಊಟಕ್ಕೆ ಕೂತಾಗ ಕಣ್ಣು ಆ ಕಡೆಯೇ ಹೋಯಿತು. ಎಲೆ ಪಕ್ಕದಲ್ಲಿ ನೀರಿನ ಬಾಟಲಿ, ಬಾಟಲಿ ಪಕ್ಕದಲ್ಲಿ ಮಾತ್ರೆ ಚೀಟಿ. ನಮ್ಮ ಸಾಲಿನಲ್ಲೇ ಐದು ಜನ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಬಂದಿತ್ತಲ್ಲ, ಓದಿದಾಗ ಬರೀ ಅಂಕಿ ಅನ್ನಿಸಿತ್ತು. ಬಡಿಸುವ ಹುಡುಗ "ಹೋಳಿಗೆ, ಹೋಳಿಗೆ" ಅಂತ ಬಂದ. ಸೋದರತ್ತೆ ಅಡ್ಡ ಕೈ ಹಿಡಿದರು. ನನ್ನ ಪಕ್ಕ ಕೂತಿದ್ದ ಅಕ್ಕ ಅತ್ತೆಯ ಕೈ ಸರಿಸಿ, ತನ್ನ ಎಲೆಯ ಹೋಳಿಗೆ ಎತ್ತಿ ನನ್ನ ಎಲೆಗೆ ಹಾಕಿದಳು. ಅರ್ಧ ತಿನ್ನಬೇಕಿತ್ತು. ಪೂರ್ತಿ ತಿಂದೆ, ತುಪ್ಪ ಹಾಕಿಸಿಕೊಂಡು. ಮೂರೂವರೆಗೆ ಮೀಟರ್ 264. ಒಂದೇ ದಿನದಲ್ಲಿ ಪಾತಾಳವೂ ಆಯಿತು, ಅಟ್ಟವೂ ಆಯಿತು.

ಮುಂದಿನ ವಾರ ಡಾಕ್ಟರ ಹತ್ತಿರ ಬೈಸಿಕೊಂಡೆ. ನನ್ನ ಮಾತ್ರೆಯಲ್ಲಿ ಎರಡು ಔಷಧಿ ಇವೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್. ಮೆಟ್‌ಫಾರ್ಮಿನ್ ಒಂದೇ ಆದರೆ ಹೀಗೆ ಆಗೋದು ಕಮ್ಮಿಯಂತೆ. ಗ್ಲಿಮಿಪಿರೈಡ್ ಹಾಗಲ್ಲ. ನೀವು ತಿಂದಿದ್ದೀರೋ ಇಲ್ಲವೋ ಅದು ನೋಡಲ್ಲ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನನ್ನು ಮೇದೋಜೀರಕದಿಂದ ಹೊರಡಿಸುತ್ತೆ. ಅದಕ್ಕೇ ಅದನ್ನು ತಿಂಡಿ ಜೊತೆಗೆ ಇಟ್ಟಿರೋದು. ಎಂಟು ವರ್ಷ ಚೀಟಿ ಮೇಲೆ "ತಿಂಡಿಗೆ ಮೊದಲು" ಅಂತ ಓದಿದ್ದೆ. ತಿಂಡಿ ಬಂದೇ ಬರುತ್ತೆ ಅನ್ನೋ ಷರತ್ತೂ ಅದರಲ್ಲಿದೆ ಅಂತ ಓದಿಕೊಂಡಿರಲಿಲ್ಲ.

"ಉಪವಾಸ ಮಾಡಬೇಡಿ ಅಂದ್ರೆ ನೀವು ಕೇಳಲ್ಲ" ಅಂದರು ಡಾಕ್ಟರು. "ಮಾಡೋ ಮುಂಚೆ ಬಂದು ಮಾತ್ರೆ ಏನ್ ಮಾಡ್ಬೇಕು ಅಂತನಾದ್ರೂ ಕೇಳಿ." ಶುಗರ್ ಇಳಿದರೆ ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕಲಸಿ ಕುಡಿಯೋದು. 15 ನಿಮಿಷ ಕಾದು ಮತ್ತೆ ಚುಚ್ಚಿ ನೋಡೋದು. ಇನ್ನೂ ಕಮ್ಮಿ ಇದ್ದರೆ ಮತ್ತೆ ಅಷ್ಟೇ. ಸರಿ ಆದಮೇಲೆ ಏನಾದರೂ ತಿನ್ನೋದು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಇಳಿಯೋದು ನಿಧಾನ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆ. ಇದನ್ನು ನನಗಿಂತ ಮನೆಯವರಿಗೆ ಎರಡು ಸಲ ಹೇಳಿ ಕಳಿಸಿದರು. ಆ ಹೊತ್ತಲ್ಲಿ ನನ್ನ ಬುದ್ಧಿ ಕೆಲಸ ಮಾಡಲ್ಲವಲ್ಲ.

ಈಗ ನನ್ನ ಪರ್ಸಿನಲ್ಲೂ ಗ್ಲೂಕೋಸ್ ಡಬ್ಬಿ ಇದೆ. ಸೋದರತ್ತೆ ಇನ್ನೂ ನಂಬಿಲ್ಲ. ಅವರ ಪ್ರಕಾರ ಅವತ್ತು ನನಗೆ ಬೆಲ್ಲ ತಿನ್ನೋ ಆಸೆ ತಡೆಯೋಕೆ ಆಗಲಿಲ್ಲ.

ಮದುವೆ ವಿಡಿಯೋ ಮೂರು ತಿಂಗಳಾದ ಮೇಲೆ ಬಂತು. ಧಾರೆಯ ಜಾಗದಲ್ಲಿ ಎಡಿಟರ್ ಕೈಚಳಕ ತೋರಿಸಿದ್ದಾನೆ. ನಡುಗುವ ನನ್ನ ಕೈ, ಗಿಂಡಿ, ಕಣ್ಣು ಒರೆಸುವ ಸೆರಗು, ಎಲ್ಲ ಸ್ಲೋ ಮೋಷನ್ನಿನಲ್ಲಿ, ಹಿಂದೆ ಒಂದು ಶೋಕದ ಕೊಳಲು. ನೋಡಿದವರೆಲ್ಲ ಅಲ್ಲಿ ಬಂದಾಗ ಮೂಗು ಒರೆಸಿಕೊಳ್ಳುತ್ತಾರೆ. ಅಕ್ಕನೂ ಅಳುತ್ತಾಳೆ, ಕತೆ ಪೂರ್ತಿ ಗೊತ್ತಿದ್ದೂ. ನಾನು ಮಾತ್ರ ನನ್ನ ಎಡಗೆನ್ನೆ ನೋಡುತ್ತೇನೆ. ಬೆಲ್ಲದ ಉಂಡೆ ಆ ಕಡೆಯಿಂದ ಈ ಕಡೆಗೆ ಹೋಗೋದು ಸ್ಲೋ ಮೋಷನ್ನಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ!