ಶಬೂಜಿ ಅನ್ನೋ ತಪ್ಪು ಹೆಸರು

ಅವ್ವ ನನಗಿಟ್ಟ ಹೆಸರು ಚನ್ನಬಸವ. ಅಮೆರಿಕಕ್ಕೆ ಬಂದ ಮೊದಲ ವಾರವೇ ಅದು ‘ಚ್ಯಾನ್ ಬಾಸ್’ ಆಯಿತು. ತಿಂಗಳು ತುಂಬುವಷ್ಟರಲ್ಲಿ ಬರೀ ‘ಬಾಸ್’. ಬೆಂಗಳೂರಲ್ಲಿ ಆಟೋದವರನ್ನೂ ನಾವು ಬಾಸ್ ಅನ್ನುತ್ತೇವೆ. ಇಲ್ಲಿ ನನ್ನ ಬಾಸೇ ನನ್ನನ್ನು ಬಾಸ್ ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸಾಕಾಯಿತು. ಈಗ ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದರೆ ನಾನೇ ಬಾಸ್ ಅಂದುಬಿಡುತ್ತೇನೆ.

ನಾವಿರೋದು ವರ್ಜೀನಿಯಾದ ವುಡ್‌ಬ್ರಿಜ್‌ನಲ್ಲಿ. ವಾಷಿಂಗ್ಟನ್‌ಗೆ ಹೋಗುವ ಐ-95 ಹೆದ್ದಾರಿ ಪಕ್ಕದ ಊರು. ಬೆಳಗಿನ ಟ್ರಾಫಿಕ್ ನೋಡಿದರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. 2024ರ ಬೇಸಿಗೆಯಲ್ಲಿ ಆ ಸಾಲಿನಲ್ಲಿ ಕೂತು ರೇಡಿಯೋ ಹಾಕಿದರೆ ಒಂದೇ ಹಾಡು, ‘ಎ ಬಾರ್ ಸಾಂಗ್’. ಸ್ಟೇಷನ್ ಬದಲಿಸಿದರೂ ಅದೇ. ಪೆಟ್ರೋಲಿಗೆ ರೇಟು ಜಾಸ್ತಿ, ದಿನಸಿಗೂ ಜಾಸ್ತಿ, ಹುಡುಗಿಗೆ ನೋಡಿದರೆ ದುಬಾರಿ ಬ್ಯಾಗ್ ಬೇಕು, ದುಡಿದೂ ದುಡಿದೂ ಸುಸ್ತು, ಬಾರಿಗೆ ನಡಿ. ಅಷ್ಟೇ ಹಾಡು. ನಾನು ಬಾರಿಗೆ ಹೋಗುವವನಲ್ಲ. ಆದರೆ ಮೊಟ್ಟೆಯ ಬೆಲೆ ನೋಡಿ ಡಬ್ಬವನ್ನು ವಾಪಸ್ ಇಟ್ಟವನು. ಹಾಡು ಸುಲಭವಾಗಿ ಹತ್ತಿತು.

ಹಾಡಿದವನು ಶಬೂಜಿ. ನಮ್ಮ ವುಡ್‌ಬ್ರಿಜ್‌ನಲ್ಲೇ ಬೆಳೆದ ಹುಡುಗ ಅಂತ ಆಮೇಲೆ ಗೊತ್ತಾಯಿತು. ಅಪ್ಪ ಅಮ್ಮ ನೈಜೀರಿಯಾದಿಂದ ಬಂದವರು. ನಿಜವಾದ ಹೆಸರು ಕಾಲಿನ್ಸ್ ಒಬಿನ್ನಾ ಚಿಬುವೇಜೆ. ಶಾಲೆಯ ಫುಟ್‌ಬಾಲ್ ಕೋಚ್ ಬಾಯಲ್ಲಿ ‘ಚಿಬುವೇಜೆ’ ಕೆಟ್ಟುಹೋಗಿ ‘ಶಬೂಜಿ’ ಆಯಿತಂತೆ. ನನ್ನ ಕಥೆಯೇ, ಅಲ್ವಾ? ಆದರೆ ನಾನು ಹೆಸರನ್ನು ಮೊಟಕು ಮಾಡಿಕೊಂಡು ಸುಮ್ನಾದೆ. ಅವನು ಆ ತಪ್ಪನ್ನೇ ಎತ್ತಿಕೊಂಡು ಬೋರ್ಡಿಗೆ ಬರೆಸಿದ.

ರಾತ್ರೋರಾತ್ರಿ ಗೆದ್ದವನಲ್ಲ. ಮೊದಲ ಆಲ್ಬಮ್ 2018ರಲ್ಲೇ ಬಂದಿತ್ತು, ಇನ್ನೊಂದು 2022ರಲ್ಲಿ. ಹೆಚ್ಚು ಜನ ಕೇಳಲಿಲ್ಲ. 2024ರ ಮಾರ್ಚ್ ಕೊನೆಗೆ ಹೆಸರಾಂತ ಗಾಯಕಿ ಬಿಯಾನ್ಸೆ ತನ್ನ ಕಂಟ್ರಿ (ಬಿಳಿಯರದ್ದು ಅಂತಲೇ ಜನ ತಿಳಿದಿರುವ ಅಮೆರಿಕದ ಹಳ್ಳಿಗಾಡಿನ ಸಂಗೀತ) ಆಲ್ಬಮ್‌ನ ಎರಡು ಹಾಡುಗಳಲ್ಲಿ ಇವನ ದನಿ ಸೇರಿಸಿದಳು. ಎರಡೇ ವಾರಕ್ಕೆ, ಏಪ್ರಿಲ್ 12ಕ್ಕೆ, ಇವನು ಈ ಹಾಡು ಬಿಟ್ಟ. 2004ರ ಒಂದು ರ್‍ಯಾಪ್ ಹಾಡಿನ ಪಲ್ಲವಿಗೆ ಗಿಟಾರು, ಪಿಟೀಲು ಕಟ್ಟಿದ್ದ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 19 ವಾರ ಮೊದಲ ಸ್ಥಾನ. ಆಗಿನ ದಾಖಲೆಗೆ ಸರಿಸಮ.

ಆ ದಾಖಲೆ ಇದ್ದದ್ದು 2019ರ ‘ಓಲ್ಡ್ ಟೌನ್ ರೋಡ್’ ಹೆಸರಲ್ಲಿ. ಹಾಡಿದವನು ಲಿಲ್ ನ್ಯಾಸ್ ಎಕ್ಸ್, ಅವನೂ ಕಪ್ಪು ಹುಡುಗ. ಅದು ಕಂಟ್ರಿ ಹಾಡೇ ಅಲ್ಲ ಅಂತ ಬಿಲ್‌ಬೋರ್ಡಿನವರು ಕಂಟ್ರಿ ಪಟ್ಟಿಯಿಂದ ಕಿತ್ತುಹಾಕಿದ್ದರು. ಐದು ವರ್ಷ ಕಳೆದು ಶಬೂಜಿ ಕಂಟ್ರಿ ರೇಡಿಯೋದಲ್ಲೂ ಮೊದಲ ಸ್ಥಾನಕ್ಕೇರಿದ. ಈ ಸಂಗೀತದ ಗುರುತೇ ಆಗಿರುವ ಬ್ಯಾಂಜೋ ವಾದ್ಯದ ಬೇರು ಆಫ್ರಿಕಾದಲ್ಲಿದೆ. ಗುಲಾಮರಾಗಿ ಬಂದವರ ಜೊತೆ ಬಂದದ್ದು. ಹಾಗಾದರೆ ಹೊರಗಿನವರು ಯಾರು ಅಂತ ಕೇಳಬೇಕಾಗುತ್ತದೆ.

ಆದರೂ ನವೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಕಂಟ್ರಿ ಪ್ರಶಸ್ತಿ ಸಮಾರಂಭದಲ್ಲಿ ಅವನಿಗೆ ಒಂದು ಪ್ರಶಸ್ತಿಯೂ ಬರಲಿಲ್ಲ. ವೇದಿಕೆ ಹತ್ತಿದವರು ಅವನ ಹೆಸರು ಹಿಡಿದು ಜೋಕ್ ಮಾಡಿದ್ದೇ ಬಂತು. ಟಿವಿ ನೋಡುತ್ತಾ ನನಗೆ ಮೈ ಉರಿಯಿತು. ಅವನು ಮಾತ್ರ ಕೂತಲ್ಲೇ ನಗುತ್ತಿದ್ದ. ಆ ನಗು ನನಗೆ ಚೆನ್ನಾಗಿ ಗೊತ್ತು.

ಭಾನುವಾರ ಹಾವೇರಿಗೆ ಫೋನ್ ಮಾಡಿದಾಗ ಅವ್ವನಿಗೆ ಹಾಡು ಕೇಳಿಸಿದೆ.

“ಕುಡಿಯೋ ಹಾಡೇನೋ ಇದು?” ಅಂದಳು.

ಹೌದು ಅಂದೆ. ಅವನ ಕಥೆಯನ್ನೂ ಹೇಳಿದೆ.

“ಪಾಪ. ಖರೇ ಹೆಸರು ಏನಂದಿ?”

“ಚಿಬುವೇಜೆ. ದೇವರೇ ರಾಜ ಅಂತ ಅರ್ಥವಂತೆ.”

“ಚಿಬುವೇಜೆ,” ಅಂದಳು ಅವ್ವ, ಒಂದೇ ಸಲಕ್ಕೆ, ಒಂದಕ್ಷರ ತಪ್ಪದೆ. “ಚಲೋ ಐತಲ್ಲ. ಇದರಾಗ ತೊದಲೂದು ಏನೈತಿ?”