ಪಿಯರ್ ಬೆಂಬಲಕ್ಕೆ ನಿಂತವರು ಕಾನೂನು ಓದಲೇಬೇಕೇ?

ಮಾನಸಿಕ ಕಾಯಿಲೆಯನ್ನು ತಾವೇ ಅನುಭವಿಸಿ, ಈಗ ಅಂಥದೇ ಸ್ಥಿತಿಯಲ್ಲಿರುವ ಇನ್ನೊಬ್ಬರ ಜತೆ ಪಿಯರ್ ಬೆಂಬಲಿಗರಾಗಿ ನಿಲ್ಲಲು ಬಂದವರು ಪದೇ ಪದೇ ಕೇಳುವ ಪ್ರಶ್ನೆ: ‘ಆಸ್ಪತ್ರೆಯಲ್ಲಿ ಅವರ ಪರವಾಗಿ ಮಾತಾಡಲು ಕಾನೂನು ಓದಿರಬೇಕೇ?’

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಏಳೆಂಟು ಕಲಂಗಳು ಗೊತ್ತಿದ್ದರೆ ಸಾಕು. ಕಲಿಯಲು ಹೆಚ್ಚು ಹೊತ್ತು ಹಿಡಿಯುವುದು ನಮ್ಮ ಮಾತನ್ನು ಬದಿಗಿಟ್ಟು ಅವರ ಮಾತನ್ನು ತಲುಪಿಸುವ ಅಭ್ಯಾಸ. ‘ಮನೆಗೆ ಹೋಗಬೇಕು’ ಎಂದವರಿಗೆ ಬೇಕಾಗಿರುವುದು ಮಾತ್ರೆಯ ಬದಲಾವಣೆಯೋ, ಮಗುವಿನ ಜತೆ ಫೋನಿನಲ್ಲಿ ಎರಡು ಮಾತೋ ಇರಬಹುದು. ಕೇಳಿ, ಅವರ ಮಾತಲ್ಲೇ ಬರೆದುಕೊಂಡು, ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ನಮ್ಮ ಕಾಯಿಲೆಯ ಕಥೆ ವೈದ್ಯರೆದುರು ಬೇಡ. ಅದು ಶುರುವಾದರೆ ಅವರ ಬೇಡಿಕೆ ಹಿಂದೆ ಬೀಳುತ್ತದೆ.

ಆಮೇಲೆ ಫೈಲಿನಲ್ಲಿ ದಾಖಲಾತಿ ಯಾವ ಕಲಂ ಅಡಿ ಎಂದು ಬರೆದಿದೆ, ಕೇಳಿ. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕಲಂ 86ರಲ್ಲಿ ತಾವಾಗಿ ದಾಖಲಾದವರು ಹೊರಡುತ್ತೇನೆ ಎಂದರೆ ಬಿಡಬೇಕು. ಕಲಂ 88 ಹೇಳುವ ಕಾರಣಗಳಿದ್ದರೆ ಮಾತ್ರ, ತಪಾಸಣೆಗಾಗಿ 24 ಗಂಟೆ ತಡೆಯಬಹುದು. ಕಲಂ 89ರದ್ದು ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯಿಲೆಯಿರುವವರ ಪರವಾಗಿ ನಿಲ್ಲಲು ಕಾಯ್ದೆ ಒಪ್ಪುವ ವ್ಯಕ್ತಿಯ, ಕೋರಿಕೆಯ ಮೇಲಿನ ದಾಖಲಾತಿ, ಮಿತಿ 30 ದಿನ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು, ಈ ಕಾಯ್ದೆಯಡಿ ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ 7 ದಿನದಲ್ಲಿ ತೀರ್ಮಾನಿಸಬೇಕು. 30 ದಿನ ಮೀರಿದ, ಕಲಂ 90ರ ದಾಖಲಾತಿಯನ್ನು ಪ್ರಶ್ನಿಸಿದ್ದಾದರೆ 21 ದಿನದಲ್ಲಿ. ಇದು ಗೊತ್ತಿಲ್ಲದೆ ವಾರ್ಡಿನಲ್ಲಿ ‘ಹಕ್ಕು, ಹಕ್ಕು’ ಎಂದು ಜಗಳಕ್ಕೆ ನಿಂತರೆ ಸಿಬ್ಬಂದಿ ಹೊರಗೆ ಕಳಿಸುತ್ತಾರೆ, ಒಳಗಿರುವವರು ಮತ್ತೆ ಒಂಟಿಯಾಗುತ್ತಾರೆ.

ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಮಂಡಳಿಗೆ ಕೊಡುವ ಅರ್ಜಿಯ ಹಂತದಲ್ಲಿ. ಕಲಂ 77ರ ಪ್ರಕಾರ ಅದನ್ನು ಕೊಡಬಹುದಾದವರು ಕಾಯಿಲೆಯಿರುವವರು, ಅವರ ನಾಮನಿರ್ದೇಶಿತ ಪ್ರತಿನಿಧಿ, ಅಥವಾ ಅವರ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆಯ ಪ್ರತಿನಿಧಿ. ಬರೀ ಗೆಳೆತನ ಸಾಲದು. ಆದ್ದರಿಂದ ಆರೋಗ್ಯ ಚೆನ್ನಾಗಿರುವಾಗಲೇ ನಂಬಿಕೆಯ ಒಬ್ಬರನ್ನು ಕಲಂ 14ರಡಿ ಪ್ರತಿನಿಧಿಯಾಗಿ ಹೆಸರಿಸುವಂತೆ ನೆನಪಿಸಿ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯಿತು. ಅರ್ಜಿಗೆ ಶುಲ್ಕವಿಲ್ಲ, ವಿಶೇಷ ಸಂದರ್ಭದಲ್ಲಿ ದಾಖಲಾದವರು ಬಾಯಿಮಾತಿನಲ್ಲಿ, ಫೋನಿನಲ್ಲೂ ಹೇಳಬಹುದು. ಬರೆದು ಕೊಟ್ಟದ್ದಕ್ಕೆ ಮಾತ್ರ ದಿನಾಂಕ ಸಮೇತ ಸ್ವೀಕೃತಿ ಪಡೆಯದೆ ಬರಬೇಡಿ. ದಿನ ಲೆಕ್ಕ ಹಾಕಲು ಬೇರೆ ಆಧಾರವಿರುವುದಿಲ್ಲ.

ಅಭ್ಯಾಸಕ್ಕೆ ಮೂವರಿದ್ದರೆ ಆಯಿತು: ಒಬ್ಬರು ವೈದ್ಯರು, ಒಬ್ಬರು ದಾಖಲಾದವರು, ಒಬ್ಬರು ಬೆಂಬಲಿಗರು. ಐದು ನಿಮಿಷ ಮಾತಾಡಿ, ಪಾತ್ರ ಬದಲಿಸಿ. ಪ್ರತಿ ಸುತ್ತಿನ ಕೊನೆಗೆ ದಾಖಲಾದವರ ಪಾತ್ರದಲ್ಲಿದ್ದವರೇ ಹೇಳಲಿ: ನನ್ನ ಮಾತು ಬಂತೇ, ಬೆಂಬಲಿಗರ ಮಾತೇ ಬಂತೇ?