ಅರ್ಜಿಯಲ್ಲಿ ಕಿಞ್ಞಣ್ಣ

ನನ್ನ ತಂದೆಯ ಹೆಸರು ಕಿಞ್ಞಣ್ಣ. ಕಾಸರಗೋಡಿನವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ತಲೆಮಾರಿನಲ್ಲಿ ಊರಿಗೆ ನಾಲ್ಕು ಮಂದಿ ಕಿಞ್ಞಣ್ಣಂದಿರು ಇದ್ದರು. ಕನ್ನಡ ವರ್ಣಮಾಲೆಯಲ್ಲಿ ‘ಞ’ ಎಂಬ ಅಕ್ಷರವನ್ನು ಶಾಲೆಯಲ್ಲಿ ಕಲಿತು ಮರೆತುಬಿಡುವವರೇ ಹೆಚ್ಚು, ಆದರೆ ನಮ್ಮ ಮನೆಯಲ್ಲಿ ಅದು ದಿನಬಳಕೆಯ ಅಕ್ಷರ. ಕಳೆದ ಮಳೆಗಾಲದಲ್ಲಿ ತಂದೆಯ ಹೆಸರಿನಲ್ಲಿರುವ ಜಾಗಕ್ಕೆ ಪೊಸೆಷನ್ ಸರ್ಟಿಫಿಕೇಟ್ (ಸ್ವಾಧೀನ ದೃಢೀಕರಣ ಪತ್ರ) ಬೇಕಾಗಿ ಬಂದು, ಇಲಾಖೆಯೊಂದರ ತಾಣದಲ್ಲಿ ಅರ್ಜಿ ಸಲ್ಲಿಸಲು ಕುಳಿತಾಗ, ಆ ಒಂದು ಅಕ್ಷರಕ್ಕಾಗಿ ನಾನು ಒಂದೂವರೆ ತಿಂಗಳು ಓಡಾಡಬೇಕಾಯಿತು.

ಹೆಸರು ತುಂಬುವ ಚೌಕದಲ್ಲಿ ನಾನು ಮೊದಲು ಕನ್ನಡದಲ್ಲಿಯೇ ಬರೆದೆ. ಅಕ್ಷರಗಳು ಸರಿಯಾಗಿ ಮೂಡಿದವು, ಆದರೆ ಮುಂದಿನ ಪುಟಕ್ಕೆ ಹೋಗುವ ಗುಂಡಿ ಒತ್ತಿದ ಕೂಡಲೇ ಅಮಾನ್ಯ ಅಕ್ಷರಗಳಿವೆ ಎಂಬ ಇಂಗ್ಲಿಷ್ ಸೂಚನೆ ಕೆಂಪು ಬಣ್ಣದಲ್ಲಿ ಕಾಣಿಸಿಕೊಂಡಿತು. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ಯಾವ ಇಂಗ್ಲಿಷ್? ಆಧಾರ್‌ನಲ್ಲಿ ತಂದೆಯ ಹೆಸರಿನ ನಡುವೆ ಎನ್ ಮತ್ತು ಎಚ್ ಇವೆ, ರೇಷನ್ ಕಾರ್ಡಿನಲ್ಲಿ ಎನ್ ಮತ್ತು ಜೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡು ಎನ್. ಮೂರೂ ಕಡೆ ಬರೆದವರು ತಮಗೆ ಕೇಳಿಸಿದಂತೆ ಬರೆದಿದ್ದಾರೆ, ಯಾರದೂ ತಪ್ಪೆನ್ನಲಾಗದು. ಹೆಸರು ಸರಿಯಾಗಿರುವುದು ಮಲೆಯಾಳ ಲಿಪಿಯಲ್ಲಿರುವ ಭೂತೆರಿಗೆಯ ರಶೀದಿಯಲ್ಲಿ ಮಾತ್ರ. ‘ನಾನು’ ಎನ್ನಲು ‘ಞಾನ್’ ಎನ್ನುವ ಭಾಷೆಗೆ ಆ ಅಕ್ಷರ ಕಷ್ಟವೇ ಅಲ್ಲ. ಆದ್ದರಿಂದ ಇದನ್ನು ಕನ್ನಡ ಮಲೆಯಾಳಗಳ ಜಗಳವೆಂದು ಯಾರೂ ತಿಳಿಯಬಾರದು. ಎರಡು ಭಾಷೆಗಳೂ ಸಲೀಸಾಗಿ ಬರೆಯಬಲ್ಲ ಹೆಸರನ್ನು ಮೂರನೆಯದೊಂದು ಲಿಪಿಗೆ ತುರುಕಿದ್ದರಿಂದ ಬಂದ ತೊಡಕು ಇದು.

ಹೀಗೆ ಒಬ್ಬನೇ ಮನುಷ್ಯ ಮೂರು ಕಾಗುಣಿತಗಳಲ್ಲಿ ಹಂಚಿಹೋದಾಗ, ಅವನು ಒಬ್ಬನೇ ಎಂದು ವಿಲೇಜ್ ಆಫೀಸರರು ದೃಢೀಕರಿಸುವ ಪತ್ರವೊಂದಿದೆ. ನಮ್ಮಲ್ಲಿ ಎಲ್ಲರೂ ಅದನ್ನು ‘ಒನ್ ಆಂಡ್ ಸೇಮ್’ ಎಂದೇ ಕರೆಯುತ್ತಾರೆ. ಅದಕ್ಕೂ ಆನ್‌ಲೈನ್ ಅರ್ಜಿ ಸಲ್ಲಿಸಬೇಕು, ಆ ಅರ್ಜಿಯಲ್ಲಿಯೂ ಹೆಸರಿನ ಚೌಕವಿರುತ್ತದೆ. ಸರಕಾರಿ ಸೇವೆಗಳ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಹುಡುಗಿ, ನನ್ನೊಂದಿಗೆ ತುಳುವಿನಲ್ಲಿಯೂ ಫೋನಿನಲ್ಲಿ ಮಲೆಯಾಳದಲ್ಲಿಯೂ ಒಂದೇ ಉಸಿರಿನಲ್ಲಿ ಮಾತನಾಡುವವಳು, ತಾಳ್ಮೆಯಿಂದ ಹೇಳಿದಳು: “ಮಾಷ್ಟ್ರೇ, ಆಧಾರಿನಲ್ಲಿ ಹೇಗಿದೆಯೋ ಹಾಗೆಯೇ ಹಾಕುವ. ಉಳಿದದ್ದನ್ನು ಅದರ ಕೆಳಗೆ ಬರೆಯುವ.” ಇದು ಸರಿಯಾದ ಸಲಹೆಯಾಗಿತ್ತು. ನಂತರ ನಾನು ನೆರೆಯವರಿಗೆ ಅರ್ಜಿ ತುಂಬಿಕೊಡುವಾಗಲೆಲ್ಲ ಎಲ್ಲ ದಾಖಲೆಗಳನ್ನು ಜಗಲಿಯಲ್ಲಿ ಸಾಲಾಗಿ ಹರಡಿ, ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಹೋಲಿಸಿದ ಮೇಲೆಯೇ ಕಂಪ್ಯೂಟರಿನ ಮುಂದೆ ಕೂರುತ್ತೇನೆ.

ದಾಖಲೆ ಲಗತ್ತಿಸುವ ಕೆಲಸ ಇನ್ನೂ ಸೂಕ್ಷ್ಮವಾದದ್ದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಮ್ಮ ಮನೆಯ ಮೂಲ ದಸ್ತಾವೇಜಿನಂತೆ ಆ ಕಾಲದ ಎಷ್ಟೋ ಆಧಾರಪತ್ರಗಳು ಕನ್ನಡದಲ್ಲಿವೆ. ಮೋಡಿ ಅಕ್ಷರಕ್ಕೆ ಹತ್ತಿರವಾದ ಬರವಣಿಗೆ, ಮಸುಕಾದ ಶಾಯಿ, ಮಡಚಿದಲ್ಲಿ ಹರಿದ ಕಾಗದ. ತಾಣವು ನಿಗದಿಪಡಿಸಿದ ಗಾತ್ರಕ್ಕೆ ಇಳಿಸಲು ಆ ಪುಟವನ್ನು ಕುಗ್ಗಿಸಿದಾಗ ಮೊದಲು ಅಳಿಸಿಹೋದದ್ದು ಒತ್ತಕ್ಷರಗಳು. ‘ಕಿಞ್ಞಣ್ಣ’ ಎಂಬಲ್ಲಿ ಕೆಳಗಿನ ಒತ್ತುಗಳೆರಡೂ ಬೂದುಬಣ್ಣದ ಚುಕ್ಕೆಗಳಾದವು. ಹದಿನೇಳು ದಿನಗಳ ಬಳಿಕ ದಾಖಲೆ ಸ್ಪಷ್ಟವಿಲ್ಲವೆಂಬ ಟಿಪ್ಪಣಿಯೊಂದಿಗೆ ಅರ್ಜಿ ಮರಳಿ ಬಂತು. ಮೂಲ ದಸ್ತಾವೇಜನ್ನು ಕೈಯಲ್ಲಿ ಹಿಡಿದು ಕಚೇರಿಗೆ ಹೋದಾಗ ಅಲ್ಲಿದ್ದ ಕನ್ನಡ ಬಲ್ಲ ನೌಕರರೊಬ್ಬರು ಅದನ್ನು ಎರಡು ನಿಮಿಷದಲ್ಲಿ ಓದಿ ಮುಗಿಸಿದರು, ಆದರೆ ಅರ್ಜಿಯನ್ನು ಆನ್‌ಲೈನಿನಲ್ಲಿಯೇ ಮತ್ತೆ ಕಳುಹಿಸಬೇಕಾಗಿತ್ತು.

ಎರಡನೆಯ ಸಲ ನಾನು ಮಾಡಿದ ಕ್ರಮವನ್ನು, ಇಂತಹ ಹಳೆಯ ಕಾಗದಗಳಿರುವ ಮನೆಯವರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತೇನೆ. ದಸ್ತಾವೇಜನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆದು, ಫ್ಲ್ಯಾಶ್ ಹಾಕದೆ, ಬೆಳಗ್ಗಿನ ಬೆಳಕಿನಲ್ಲಿ ಜಗಲಿಯ ಮೇಲೆ ಚಪ್ಪಟೆಯಾಗಿಟ್ಟು ನೇರ ಮೇಲಿನಿಂದ ಚಿತ್ರ ತೆಗೆದೆ. ಬಣ್ಣ ತೆಗೆದು ಬೂದುಛಾಯೆಗೆ ಬದಲಾಯಿಸಿ, ನಾಲ್ಕೂ ಬದಿಯ ಖಾಲಿ ಅಂಚನ್ನು ಕತ್ತರಿಸಿದ ಮೇಲೆಯೇ ಗಾತ್ರ ಇಳಿಸಿದೆ. ಹೀಗೆ ಮಾಡಿದರೆ ಇರುವಷ್ಟು ಜಾಗವೆಲ್ಲ ಅಕ್ಷರಗಳಿಗೇ ದೊರೆಯುತ್ತದೆ. ಕಳುಹಿಸುವ ಮೊದಲು ಕಡತವನ್ನು ತೆರೆದು ಒತ್ತಕ್ಷರಗಳು ಉಳಿದಿವೆಯೇ ಎಂದು ನೋಡಿದೆ. ಮೊಬೈಲ್ ಸಂಖ್ಯೆಯ ಚೌಕದಲ್ಲಿ ಮನೆಯದೇ ಸಂಖ್ಯೆ ಕೊಟ್ಟೆ, ಏಕೆಂದರೆ ಅರ್ಜಿ ಮರಳಿದ ಸಂದೇಶ ಬೇರೆಯವರ ಫೋನಿಗೆ ಹೋದರೆ ನಮಗೆ ತಿಳಿಯುವಷ್ಟರಲ್ಲಿ ವಾರ ಕಳೆದಿರುತ್ತದೆ. ಅರ್ಜಿಯ ಸಂಖ್ಯೆಯನ್ನೂ ದಿನಾಂಕವನ್ನೂ ಪಂಚಾಂಗದ ಬದಿಯಲ್ಲಿ ಬರೆದಿಟ್ಟೆ. ಕೇರಳದಲ್ಲಿ 2012ರ ಸೇವಾ ಹಕ್ಕು ಕಾಯ್ದೆಯ ಪ್ರಕಾರ, ಅಧಿಸೂಚಿತ ಸೇವೆಗಳಿಗೆ ಕಾಲಮಿತಿಯಿದ್ದು ಅದು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ಆಗ ಈ ಸಂಖ್ಯೆ, ದಿನಾಂಕಗಳೇ ಬೇಕಾಗುತ್ತವೆ.

ಇಷ್ಟೆಲ್ಲ ಜಾಣತನ ಕಲಿತರೂ ಮೊದಲ ಪ್ರಶ್ನೆ ಹಾಗೆಯೇ ಇದೆ. ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲಿಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ, ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದ ಕಡೆಗಳಲ್ಲಿರುವ ಸ್ಥಳೀಯ ಕಚೇರಿಗಳೊಂದಿಗೆ, ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದೂ ಅವರಿಗೆ ಉತ್ತರವನ್ನು ಅದೇ ಭಾಷೆಯಲ್ಲಿ ಕೊಡಬೇಕೆಂದೂ ಇದೆ. ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕಾಗದದ ಅರ್ಜಿಯ ಕಾಲದಲ್ಲಿ ಈ ಹಕ್ಕನ್ನು ನಮ್ಮ ಹಿರಿಯರು ನಿಜವಾಗಿ ಬಳಸುತ್ತಿದ್ದರು. ನನ್ನ ತಂದೆ ಕನ್ನಡದಲ್ಲಿ ಬರೆದು ಕೊಟ್ಟ ಅರ್ಜಿಗಳ ನಕಲುಗಳು ಈಗಲೂ ಪೆಟ್ಟಿಗೆಯಲ್ಲಿವೆ. ಆ ಹಕ್ಕನ್ನು ಯಾವ ಶಾಸನಸಭೆಯೂ ಕಿತ್ತುಕೊಂಡಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಸ್ವೀಕರಿಸು ಎಂದು ತಂತ್ರಾಂಶದಲ್ಲಿ ಯಾರೋ ಬರೆದ ಒಂದು ಸಾಲು ಅದನ್ನು ಇಲ್ಲವಾಗಿಸಿದೆ. ತಾಂತ್ರಿಕ ಅಡಚಣೆಯೆಂದು ಹೇಳುವಂತೆಯೂ ಇಲ್ಲ: 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿ ಇತ್ತು, ಞಕಾರವೂ ಇತ್ತು.

ಇಂಗ್ಲಿಷಿನ ಚೌಕವನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅದರ ಪಕ್ಕದಲ್ಲಿ ಮಾತೃಭಾಷೆಯಲ್ಲಿ ಹೆಸರು ಬರೆಯಲು ಇನ್ನೊಂದು ಚೌಕವಿರಲಿ, ಕನ್ನಡದ ದಸ್ತಾವೇಜು ಲಗತ್ತಿಸಿದ ಅರ್ಜಿ ಕನ್ನಡ ಬಲ್ಲ ನೌಕರರ ಮುಂದೆ ತೆರೆದುಕೊಳ್ಳುವ ವ್ಯವಸ್ಥೆಯಾಗಲಿ. ಅಷ್ಟಾದರೆ ನಮ್ಮಂಥ ಎಷ್ಟೋ ಮನೆಗಳಿಗೆ ‘ಒನ್ ಆಂಡ್ ಸೇಮ್’ ಪತ್ರದ ಅಲೆದಾಟವೇ ತಪ್ಪುತ್ತದೆ.

ಸರ್ಟಿಫಿಕೇಟ್ ಕೊನೆಗೆ ದೊರೆಯಿತು. ಅದೇ ವಾರ ಈ ಬೇಡಿಕೆಯನ್ನು ಇಲಾಖೆಗೆ ತಿಳಿಸಲು ಕುಳಿತೆ. ತಾಣದ ದೂರಿನ ಚೌಕವೂ ಕನ್ನಡವನ್ನು ಸ್ವೀಕರಿಸಲಿಲ್ಲವಾದ್ದರಿಂದ ಬಿಳಿ ಹಾಳೆಯಲ್ಲಿ ಎರಡು ಪುಟ ಬರೆದೆ. ತಂದೆ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿ, ಎರಡು ಕಡೆ ನನ್ನ ವಾಕ್ಯ ತಿದ್ದಿಸಿ, ಕೆಳಗೆ ತಮ್ಮ ಹೆಸರನ್ನು ನಿಧಾನವಾಗಿ, ಒತ್ತುಗಳೆರಡನ್ನೂ ದಪ್ಪಗೆ ತೀಡಿ ಬರೆದರು. ಮರುದಿನ ನಾನು ಅದನ್ನು ಅಂಚೆಗೆ ಕೊಟ್ಟು ಬಂದೆ.